ಫ್ರೆಂಚ್ 1873 ರಿವಾಲ್ವರ್: ಬ್ಲೂಯಿಂಗ್ ಪೂರ್ತಿ ಹೋಗಿದೆ, ಸಿಲಿಂಡರ್ ತಿರುಗ್ತಿಲ್ಲ, ಏನ್ ಮಾಡ್ಲಿ?

ಹೊಸಬ_73:
ಎಲ್ರಿಗೂ ನಮಸ್ಕಾರ. ಕಲೆಕ್ಷನ್‌ಗೆ ಮೊದಲ್ನೇ ಮಿಲಿಟರಿ ರಿವಾಲ್ವರ್ ಬಂದಿದೆ, ಫ್ರೆಂಚ್ ಸೈನ್ಯದ್ದು, ಬ್ಯಾರೆಲ್ ಮೇಲೆ ಮಾಡೆಲ್ 1873 ಅಂತ ಕೆತ್ತಿದಾರೆ, ಪಕ್ಕದಲ್ಲಿ 1877 ಅಂತ ಇಸವಿ ಇದೆ, ಪೇಪರ್ಸ್ ಎಲ್ಲಾ ಸರಿಯಾಗಿದೆ. ತೊಂದ್ರೆ ಏನಂದ್ರೆ ಬ್ಲೂಯಿಂಗ್ (ತುಕ್ಕು ಹಿಡೀದಿರ್ಲಿ ಅಂತ ಉಕ್ಕಿಗೆ ಕಟ್ಟೋ ನೀಲಿ-ಕಪ್ಪು ಪದರ) ಒಂಚೂರೂ ಉಳಿದಿಲ್ಲ, ಪೂರ್ತಿ ಬೂದು ಬಣ್ಣ, ಮಧ್ಯೆ ಮಧ್ಯೆ ಕಂದು ಕಲೆ, ಮೇಲಿಂದ ಗುಂಡು ತುಂಬೋ ಸಿಲಿಂಡರ್ ಬೇರೆ ಜಾಮ್ ಆಗಿದೆ. ಬಾಟ್ಲಿಯಲ್ಲಿ ಬರೋ ಕೋಲ್ಡ್ ಬ್ಲೂ (ಬಿಸಿ ಮಾಡ್ದೆ ಹಚ್ಚೋ ಬ್ಲೂಯಿಂಗ್ ದ್ರವ) ಹಚ್ಚಿದ್ರೆ ಮೊದಲಿನ ಥರ ಆಗುತ್ತಾ?

ಬೇಗಪರಿಹಾರ:
ಹಚ್ಚಿ ಸರ್, ಬಫಿಂಗ್ ವೀಲ್‌ನಲ್ಲಿ ಒಂದ್ಸಲ ಪಾಲಿಶ್ ಮಾಡ್ಸಿ ಆಮೇಲೆ ಹಚ್ಚಿದ್ರೆ ಹೊಸದ್ರ ಥರ ಹೊಳೆಯುತ್ತೆ.

ಹಳೇಕಬ್ಬಿಣ:
ಅಯ್ಯೋ ಬೇಡ, ಆ ಬಾಟ್ಲಿ ಮುಚ್ಚಿಡಿ. ಹೋಗೋಕೆ ಅದ್ರಲ್ಲಿ ಬ್ಲೂಯಿಂಗ್ ಇದ್ದಿದ್ದಾದ್ರೂ ಯಾವಾಗ! 1873 ಮಾಡೆಲ್ ಸಿಪಾಯಿಗಳಿಗೆ ಅಂತ ಸೇಂಟ್ ಎಟಿಯೆನ್ ಕಾರ್ಖಾನೆಯಲ್ಲಿ ಮಾಡಿದ್ದು, ಅದನ್ನ ಬಣ್ಣ ಕಟ್ಟದೆ ಬರೀ ಪಾಲಿಶ್ ಮಾಡಿದ ಉಕ್ಕಾಗೇ ಬಿಟ್ಟಿದ್ರು. ಬ್ಲೂಯಿಂಗ್ ಇದ್ದಿದ್ದು ಆಫೀಸರ್‌ಗಳ 1874 ಮಾಡೆಲ್‌ಗೆ, ಅದ್ರ ಸಿಲಿಂಡರ್ ಮೇಲೆ ಉದ್ದುದ್ದ ತೋಡು ಇರುತ್ತೆ, ನಿಮ್ದು ನುಣ್ಣಗಿದ್ರೆ ಅನುಮಾನನೇ ಬೇಡ. 1870-71ರಲ್ಲಿ ಪ್ರಷ್ಯಾ ಕೈಲಿ ಸೋತ ಮೇಲೆ ಫ್ರಾನ್ಸ್ ಸೈನ್ಯ ಹೊಸ ಆಯುಧ ತುಂಬಿಸ್ಕೊಳ್ತಿದ್ದ ಕಾಲ ಅದು, 1874ರಲ್ಲಿ ಗ್ರಾಸ್ ರೈಫಲ್ಲೂ ಬಂತು. ಆಮೇಲೆ 8 ಎಂಎಂನ 1892 ಮಾಡೆಲ್ ಬಂದ್ರೂ ಈ 11 ಎಂಎಂದು ಮೂಲೆ ಸೇರ್ಲಿಲ್ಲ, ಮೊದಲ್ನೇ ಮಹಾಯುದ್ಧದಲ್ಲೂ ಇದನ್ನ ಹೊರಗೆ ತೆಗೆದಿದಾರೆ.

ಬಫಿಂಗ್ ಬಗ್ಗೆ ಹೇಳಿದವ್ರಿಗೆ ಒಂದ್ಮಾತು: ವೀಲ್ ಹತ್ತಿಸಿದ್ರೆ ಅಂಚುಗಳು ಗುಂಡಗಾಗುತ್ತೆ, ಕೆತ್ತಿರೋ ಅಕ್ಷರ, ಇನ್ಸ್‌ಪೆಕ್ಟರ್ ಒತ್ತಿರೋ ಸಣ್ಣ ಮುದ್ರೆ ಎಲ್ಲಾ ಸೋಪಿನ ಮೇಲಿನ ಹೆಸರಿನ ಥರ ಕರಗಿ ಹೋಗುತ್ತೆ. ಆಮೇಲೆ ಅದನ್ನ ಯಾವ ಕಲೆಕ್ಟರ್ರೂ ಮೂಸಿ ನೋಡಲ್ಲ.

ಸಿಲಿಂಡರ್ ವಿಷಯ. ಮೊದಲು ಲೋಡ್ ಆಗಿದ್ಯಾ ಅನ್ನೋದು ಗೊತ್ತಾಗ್ಬೇಕು, ಜಾಮ್ ಆಗಿರೋದ್ರಿಂದ ಬಲಗಡೆ ಗುಂಡು ತುಂಬೋ ಗೇಟ್ ತೆಗೆದ್ರೂ ಆರೂ ಚೇಂಬರ್ (ಗುಂಡು ಕೂರೋ ತೂತು) ನೋಡಕ್ಕಾಗಲ್ಲ, ಹಾಗಾಗಿ ಗನ್‌ಸ್ಮಿತ್ ಹತ್ರ ತೋರಿಸದೆ ಕೈ ಹಾಕ್ಬೇಡಿ. ಖಾಲಿ ಅಂತ ಖಾತ್ರಿ ಆದ್ಮೇಲೆ ಮಧ್ಯದ ಪಿನ್‌ಗೆ ತೆಳು ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಸುತ್ತಿಗೆ ಇಕ್ಕಳ ಎರಡೂ ಬೇಡ. ಒಣಗಿದ ಗ್ರೀಸೇ ಕಾರಣ ಇರ್ಬಹುದು, ಇಲ್ಲಾಂದ್ರೆ ಕಪ್ಪು ಮದ್ದಿನ ಮಸಿ, ಅದು ಗಾಳಿಯ ತೇವ ಎಳ್ಕೊಂಡು ಒಳಗೇ ತುಕ್ಕು ಹಿಡಿಸುತ್ತೆ.

ಹೊಸಬ_73:
ನುಣ್ಣಗೇ ಇದೆ ಸರ್! ಹಾಗಾದ್ರೆ ಆ ಕಂದು ಕಲೆಗಳನ್ನ ಏನ್ ಮಾಡೋದು?

ಹಳೇಕಬ್ಬಿಣ:
ಬೆರಳಿಗೆ ಕೆಂಪು ಪುಡಿ ಅಂಟಿದ್ರೆ ತುಕ್ಕು ಇನ್ನೂ ತಿಂತಾ ಇದೆ ಅಂತ. ನಾಲ್ಕು ಸೊನ್ನೆಯ (0000, ತುಂಬಾ ನಯವಾದ) ಸ್ಟೀಲ್ ವುಲ್ ಎಣ್ಣೆಯಲ್ಲಿ ನೆನೆಸಿ ಆ ಜಾಗಕ್ಕೆ ಮಾತ್ರ ಹಗುರವಾಗಿ ಉಜ್ಜಿ, ಅಕ್ಷರದ ಹತ್ರ ಹೋಗ್ಬೇಡಿ. ಗಟ್ಟಿಯಾಗಿ ಕೂತಿರೋ ಕಂದು ಪದರ ಹಾಗೇ ಇರ್ಲಿ, ಅದು ವಯಸ್ಸಿನದ್ದು. ಕೊನೆಗೆ ರೆನೈಸಾನ್ಸ್ ವ್ಯಾಕ್ಸ್ ಅನ್ನೋ ರಕ್ಷಣೆಯ ಮೇಣ ತೆಳ್ಳಗೆ ಹಚ್ಚಿ, ಬ್ರಿಟಿಷ್ ಮ್ಯೂಸಿಯಂನವ್ರೇ ರೂಪಿಸಿದ್ದು ಅದು.

ತುಪಾಕಿಪ್ರಿಯ:
ಇಲ್ಲೇ ಕೇಳ್ಬಿಡ್ತೀನಿ, ನಂದು ಬ್ರಿಟಿಷ್ ರಿವಾಲ್ವರ್ ಎನ್‌ಫೀಲ್ಡ್ ನಂಬರ್ 2, ಹ್ಯಾಮರ್‌ನ ಹಿಂದೆ ಹೆಬ್ಬೆರಳಲ್ಲಿ ಎಳೆಯೋ ಕೊಕ್ಕೆನೇ ಇಲ್ಲ, ಯಾರೋ ಮುರಿದಿದಾರೆ, ಬೇರೆ ಹ್ಯಾಮರ್ ಹುಡುಕ್ತಿದೀನಿ.

ಹಳೇಕಬ್ಬಿಣ:
ಹುಡುಕ್ಬೇಡಿ! 1938ರ ಮಾರ್ಕ್ 1 ಸ್ಟಾರ್‌ನಲ್ಲಿ ಕೊಕ್ಕೆ ಬೇಕಂತ್ಲೇ ತೆಗೆದಿದ್ರು, ಟ್ಯಾಂಕ್ ಒಳಗೆ ಹತ್ತಿ ಇಳಿಯೋವಾಗ ಸಿಕ್ಕಿಹಾಕ್ಕೊಳ್ಳತ್ತೆ ಅಂತ. ಮಾರ್ಕ್ 1 ಪಕ್ಕದಲ್ಲಿ ನಕ್ಷತ್ರ ಇದ್ಯಾ ನೋಡಿ.

ತುಪಾಕಿಪ್ರಿಯ:
ಇದೆ 😅

ಹೊಸಬ_73:
ಅಪ್‌ಡೇಟ್: ಗನ್‌ಸ್ಮಿತ್ ನೋಡಿ ಖಾಲಿ ಅಂದ್ರು, ಎಣ್ಣೆ ಬಿಟ್ಟಿದ್ದಕ್ಕೆ ಪಿನ್ ಸಡಿಲ ಆಗಿದೆ, ಕಪ್ಪು ಗ್ರೀಸು ಉಂಡೆ ಉಂಡೆಯಾಗಿ ಬಂತು. ಆದ್ರೆ ಸಿಲಿಂಡರ್ ನಂಬರ್ ಒಂದು, ಫ್ರೇಮ್ ನಂಬರ್ ಇನ್ನೊಂದು!

ಹಳೇಕಬ್ಬಿಣ:
ಯಾವತ್ತೋ ಬದಲಾಗಿದೆ, ಬೆಲೆ ಸ್ವಲ್ಪ ಕಮ್ಮಿ ಅಷ್ಟೇ. ನಂಬರ್ ಉಜ್ಜೋಕೆ ಮಾತ್ರ ಹೋಗ್ಬೇಡಿ, ಎರಡೂ ಫೋಟೋ ತೆಗೆದು ಪೇಪರ್ಸ್ ಜೊತೆ ಇಡಿ.