ಲೋಕದ ಸೆಳೆತದಿಂದ ಭಕ್ತಿ ಕಾಪಾಡಿಕೊಳ್ಳುವುದು ಹೇಗೆ? ಎಲ್ಲ ಬಿಡಲೇಬೇಕಾ?

ಕುಲಶೇಖರದವ
ಮಂಗಳೂರಿನಲ್ಲೇ ಐಟಿ ಕೆಲಸ. ಮನೆಯಲ್ಲಿ ಮೊದಲು ಸಂಜೆ ತೇರ್ಸ್ (ಎಲ್ಲರೂ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ) ತಪ್ಪುತ್ತಿರಲಿಲ್ಲ. ಈಗ ನಾನು ಶಿಫ್ಟ್ ಮುಗಿಸಿ ಬರುವಾಗ ಎಲ್ಲರೂ ಮಲಗಿರುತ್ತಾರೆ, ಬೈಬಲ್ ಓದೋಣ ಅಂತ ಮೊಬೈಲ್ ತೆಗೆದರೆ ಮೇಲೆ ಯಾವುದೋ ಮೆಸೇಜ್ ಬರುತ್ತದೆ, ಅದರಿಂದ ರೀಲ್ಸ್‌ಗೆ ಹೋಗಿ ಅಲ್ಲೇ ನಿದ್ದೆ. ಒಂದು ಪ್ರಾರ್ಥನಾ ಕೂಟದಲ್ಲಿ ಕೇಳಿದೆ. ಸಿನಿಮಾ ಬಿಡು, ಕಂಬಳ ಬಿಡು, ಆಫೀಸಿನ ಗೆಳೆಯರನ್ನು ಬಿಡು, ಎಲ್ಲ ಲೋಕದ್ದು ಅಂದರು. ಗೆಳೆಯರಲ್ಲಿ ಹೆಚ್ಚಿನವರು ಬೇರೆ ಧರ್ಮದವರು, ನನ್ನ ಕಷ್ಟಕ್ಕೆ ಮೊದಲು ಓಡಿ ಬರುವವರೂ ಅವರೇ. ಏನು ಮಾಡಲಿ?

ಬಲ್ಮಠದವಳು
ಗೆಳೆಯರನ್ನು ಯಾಕೆ ಬಿಡ್ತೀರಿ? ಬೈಬಲಿನ ದಾನಿಯೇಲನನ್ನು ನೋಡಿ. ಬಾಬೆಲಿನ ಭಾಷೆ ಕಲಿತ, ಅಲ್ಲಿನ ರಾಜನ ಕೆಲಸ ಮಾಡಿದ, ಆದರೆ ರಾಜನ ಊಟ, ದ್ರಾಕ್ಷಾರಸ ಮಾತ್ರ ಬೇಡ ಅಂದ. ದಿನಕ್ಕೆ 3 ಸಲ ಪ್ರಾರ್ಥನೆ ಮಾಡುವುದನ್ನು ಸಿಂಹದ ಗವಿಯ ಹೆದರಿಕೆಗೂ ಬಿಡಲಿಲ್ಲ. ಎಲ್ಲಿ ಬೇಡ ಅನ್ನಬೇಕು ಅಂತ ಅವನಿಗೆ ಗೊತ್ತಿತ್ತು. ಕಂಬಳದಲ್ಲಿ ಕೋಣ ಓಡುವುದನ್ನು ನೋಡುವುದು ಬೇರೆ, ಅಲ್ಲಿನ ದೈವದ ಪೂಜೆಯಲ್ಲಿ ಸೇರುವುದು ಬೇರೆ. ಇದನ್ನು ಗೆಳೆಯರಿಗೆ ನೇರವಾಗಿ ಹೇಳಿ. ನಮ್ಮೂರಿನವರಿಗೆ ಇದೆಲ್ಲ ಅರ್ಥವಾಗುತ್ತದೆ, ಯಾರೂ ಬೇಜಾರು ಮಾಡುವುದಿಲ್ಲ. ಮತ್ತೆ ಮೊಬೈಲ್‌ನಲ್ಲಿ ಬೈಬಲ್ ಓದುವುದು ನಿಲ್ಲಿಸಿ, ಪುಸ್ತಕ ತೆಗೆದುಕೊಳ್ಳಿ.

ಕಲ್ಯಾಣಪುರ ಬಾಪ್ಪು
ಲೋಕ ಅಂದ ಕೂಡಲೇ ಎಲ್ಲರೂ ಸಿನಿಮಾ, ಕಂಬಳ ಅಂತಾರೆ. ನಮ್ಮ ಮದುವೆಗಳ ಕಥೆ ಏನು ಮಾರಾಯ? ರೋಸ್ ಅಂದರೆ ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುವ ಶಾಸ್ತ್ರ. ಈಗ ಡಿಜೆ ಮತ್ತು ಬಾಟಲಿ ಇಲ್ಲದೆ ರೋಸ್ ಇಲ್ಲ, ಸಾಲ ಮಾಡಿಯಾದರೂ ಪಕ್ಕದ ಮನೆಯವರಿಗಿಂತ ದೊಡ್ಡ ಹಾಲ್ ಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೊಸ ತೆನೆ ತಂದು ಮನೆಮಂದಿ ಒಟ್ಟಿಗೆ ಕೂತು ಮೀನು ಮಾಂಸ ಇಲ್ಲದೆ ಉಣ್ಣುತ್ತೇವಲ್ಲ, ಆ ಸರಳತೆ ವರ್ಷಕ್ಕೆ ಒಂದೇ ದಿನವಾ? ಹಣದ ಜಂಬ ಚರ್ಚಿನ ಒಳಗೇ, ಮುಂದಿನ ಸಾಲಿನಲ್ಲೇ ಕೂತಿರುತ್ತದೆ. ಬೇರೆ ಧರ್ಮದ ಗೆಳೆಯರಿಂದ ಭಕ್ತಿ ಹಾಳಾದದ್ದು ನಾನು ಕಂಡಿಲ್ಲ. ಕಾರ್ಕಳ ಹತ್ತಿರದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿನ ಜಾತ್ರೆಗೆ ಎಲ್ಲ ಧರ್ಮದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ, ಅದರಿಂದ ಸಂತ ಲಾರೆನ್ಸರಿಗೇನೂ ನಷ್ಟವಾಗಲಿಲ್ಲ.

ಮಲ್ಪೆ ಸಹೋದರ
ಬಾಪ್ಪು ಹೇಳಿದ್ದು ಸರಿ, ಆದರೂ ಕೆಲವರು ಕೆಲವನ್ನು ಪೂರ್ತಿ ಬಿಡಲೇಬೇಕು. ಕುಡಿತ ಬಿಟ್ಟವನಿಗೆ ಹಳೇ ಬಾರ್ ಗೆಳೆಯರ ಜೊತೆ ಸುಮ್ನೆ ಕೂತು ಬಾ ಅನ್ನಲು ಆಗುತ್ತದಾ? ಯಾರಿಗೆ ಯಾವುದು ಎಳೆಯುತ್ತದೋ ಅದನ್ನು ಅವರೇ ನೋಡಬೇಕು. ಆದರೆ ಬರೀ ಬಿಟ್ಟರೆ ಸಾಕಾಗುವುದಿಲ್ಲ. ಬೈಬಲಿನ ಲೂಕನ ಸುವಾರ್ತೆ 11ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಅದೇ ಅಲ್ವಾ: ದೆವ್ವ ಬಿಟ್ಟುಹೋದ ಮನೆಯನ್ನು ಗುಡಿಸಿ ಸಿಂಗರಿಸಿದ್ದಾಯಿತು, ಅದು ತನಗಿಂತ ಕೆಟ್ಟ ಇನ್ನೂ 7 ದೆವ್ವಗಳನ್ನು ಕರೆದುಕೊಂಡು ವಾಪಸ್ ಬಂತು. ರೀಲ್ಸ್ ಡಿಲೀಟ್ ಮಾಡಿದರೆ ಆ ಹೊತ್ತಿನಲ್ಲಿ ಏನು ಮಾಡ್ತೀರಿ, ಅದನ್ನು ಮೊದಲು ಯೋಚಿಸಿ.

ಕುಲಶೇಖರದವ
ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಹತ್ತಿರ ಮಾತಾಡಿದೆ, ಶಿಫ್ಟ್ ಇರುವ ವಾರ ತೇರ್ಸ್ ಬೆಳಿಗ್ಗೆ ಕಾಫಿಗೆ ಮೊದಲು ಅಂತ ಆಯಿತು, ತಂಗಿಗೆ ಮಾತ್ರ ಸ್ವಲ್ಪ ಸಿಟ್ಟು ಬಂದಿದೆ. ಬಾಪ್ಪು, ಡಿಸೆಂಬರ್‌ನಲ್ಲಿ ನನ್ನ ಅಣ್ಣನದ್ದೇ ರೋಸ್. ಡಿಜೆಗೆ ಅಡ್ವಾನ್ಸ್ ಕೊಟ್ಟಾಗಿದೆ, ಈಗ ಅಪ್ಪನಿಗೆ ಹೇಗೆ ಹೇಳುವುದು?