ಆಯಿಯ ಮೊಣಕಾಲು, ಮಾಮಾನ ಐದು ಸ್ಟಾರ್

ಆಯಿಗೆ ಮೊಣಕಾಲಿನ ಆಪರೇಷನ್ ಆದಾಗಿನಿಂದ ನಮ್ಮ ತಾಯಿ ಕಡೆಯ ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇಲ್ಲ. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವವಳು. ಆದರೆ ಆಯಿ ನನ್ನ ಮಾತು ಕೇಳಿ ಕಾಲು ಮಡಚುವುದಿಲ್ಲ. ಮೊಮ್ಮಗಳಲ್ಲವಾ, ಗದರಿಸಿ ಕಳಿಸುತ್ತಾಳೆ. ಹಾಗಾಗಿ ಹೊರಗಿನವರನ್ನು ಹುಡುಕುತ್ತಿದ್ದೆವು. ಆಗ ಬಂತು ಒಂದು ಫಿಸಿಯೋಥೆರಪಿ ಸೆಂಟರಿನ ಈ ಪೋಸ್ಟರ್.

ಬೀದರ್ ಮಾಮಾ: (ಫಾರ್ವರ್ಡ್) ರೋಗಿಗಳ ಸಂತೃಪ್ತಿ: ಐದಕ್ಕೆ ಐದು ಸ್ಟಾರ್! ಎ.ಸಿ. ಹಾಲ್, ಹೊಸ ಮಷೀನ್, ಕಾರ್ ಪಾರ್ಕಿಂಗ್.

ಬೀದರ್ ಮಾಮಾ: ಅವ್ವನನ್ನು ಸೋಮವಾರದಿಂದ ಇಲ್ಲಿಗೇ ಕರೆದುಕೊಂಡು ಹೋಗೋಣ.

ನಾನು: ಮಾಮಾ, ಆ ಸ್ಟಾರ್ ಕೊಟ್ಟವರು ಯಾರು? ಯಾವಾಗ ಕೇಳಿದರಂತೆ?

ಬೀದರ್ ಮಾಮಾ: ಶುರುವಾಯಿತು ನೋಡ್ರಿ ಡಾಕ್ಟರಮ್ಮನ ಪ್ರಶ್ನೆ. ರೋಗಿಗಳೇ ಖುಷಿಯಾಗಿದ್ದಾರೆ ಅಂದ ಮೇಲೆ ಇನ್ನೇನು ಬೇಕು ನಿನಗೆ?

ಯಾದಗಿರಿ ಚಿಗವ್ವ: ಅಣ್ಣಾ, ನನ್ನ ಭುಜ ಹಿಡಿದುಕೊಂಡಾಗ ನಾನೂ ಒಂದು ಕಡೆ ಹೋಗಿದ್ದೆ. ಹೆಸರು ಬೇಡ. ಕೊನೇ ದಿನ ಫಾರ್ಮ್ ಕೊಟ್ಟರು, ಪೂರಾ ಇಂಗ್ಲಿಷು. ಆ ಹುಡುಗ ಪಕ್ಕದಲ್ಲೇ ನಿಂತಿದ್ದ. ಊಟ ಬಡಿಸಿದವನ ಎದುರಿಗೆ ಸಾರಿಗೆ ಉಪ್ಪು ಜಾಸ್ತಿ ಅಂತ ಯಾರು ಹೇಳುತ್ತಾರೆ? ಎಲ್ಲಾ ಕಡೆ ಐದಕ್ಕೇ ಗುರುತು ಹಾಕಿ ಬಂದೆ. ಕೈ ಮಾತ್ರ ಆಗಲೂ ಮೇಲೆ ಏಳುತ್ತಿರಲಿಲ್ಲ.

ಬೆಂಗಳೂರು ತಮ್ಮ: ಅಕ್ಕಾ, ಹಾಗಂತ ರೋಗಿಯನ್ನು ಕೇಳುವುದೇ ಬೇಡವಾ? ಅಳೆಯದೆ ಇದ್ದರೆ ಸುಧಾರಿಸುವುದು ಹೇಗೆ?

ಈ ಹುಡುಗ ಅಪರೂಪಕ್ಕೆ ಸರಿಯಾದ ಪ್ರಶ್ನೆ ಕೇಳುತ್ತಾನೆ. ಊಟ ಪಕ್ಕಕ್ಕಿಟ್ಟು ಉದ್ದಕ್ಕೆ ಟೈಪ್ ಮಾಡಿದೆ.

ನಾನು: ಕೇಳಲೇಬೇಕು. ಆದರೆ ಖುಷಿ ಬೇರೆ, ಕಾಲು ಮಡಚುವುದು ಬೇರೆ. 2011ರಲ್ಲಿ ಜೂಲಿಯಾ ಹಶ್ ಮತ್ತು ಜೊತೆಗಾರರು ಮೂಳೆ, ಕೀಲು, ಸ್ನಾಯುಗಳ ಫಿಸಿಯೋಥೆರಪಿ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಯುರೋಪ್, ಅಮೆರಿಕದ ಕಡೆಯವು. ಸಂತೃಪ್ತಿಯ ಸರಾಸರಿ ಐದಕ್ಕೆ 4.4 ಬಂತು. ಎಲ್ಲರೂ ಧಾರಾಳವಾಗಿ ಕೊಡುತ್ತಾರೆ, ನೋಡಿ. ಅಂದ ಮೇಲೆ ಪೋಸ್ಟರಿನ ಐದು ಏನು ಹೇಳಿದಂತಾಯಿತು? ಇನ್ನೊಂದು ವಿಷಯ: ನೋವು ಎಷ್ಟು ಕಡಿಮೆಯಾಯಿತು ಅನ್ನುವುದಕ್ಕೂ ಸಂತೃಪ್ತಿಗೂ ಗಟ್ಟಿ ಸಂಬಂಧ ಸಿಗಲಿಲ್ಲ. ಥೆರಪಿಸ್ಟ್ ಹೇಗೆ ಮಾತಾಡುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದಕ್ಕೇ ಜಾಸ್ತಿ ನಂಟು.

ನಾನು: ಅದಕ್ಕೂ ಮುಂಚೆ, 2002ರಲ್ಲಿ ಅಮೆರಿಕದಲ್ಲಿ ಬೀಟಿ ಅನ್ನುವವರು ಇದಕ್ಕೆಂದೇ ಒಂದು ಪ್ರಶ್ನಾವಳಿ ಮಾಡಿ ಪರೀಕ್ಷಿಸಿದ್ದರು. ಸಾಕಷ್ಟು ಹೊತ್ತು ಕೊಟ್ಟರಾ, ಹೇಳಿದ್ದನ್ನು ಕೇಳಿಸಿಕೊಂಡರಾ, ಬಿಡಿಸಿ ಹೇಳಿದರಾ, ಇವೇ ಮುಖ್ಯ ಆದವು. ಪಾರ್ಕಿಂಗ್, ಮಷೀನ್ ಎಲ್ಲ ಹಿಂದೆ ಬಿದ್ದವು. ನಿಮ್ಮ ಪೋಸ್ಟರಿನಲ್ಲಿ ಇರುವುದು ಅವೇ ಅಲ್ವಾ ಮಾಮಾ?

ಬೀದರ್ ಮಾಮಾ: ಆ ಅಮೆರಿಕದವರು ಏಪ್ರಿಲ್ ತಿಂಗಳಲ್ಲಿ ಕಲಬುರಗಿಗೆ ಬಂದು ಎ.ಸಿ. ಬೇಡ ಅನ್ನಲಿ ನೋಡೋಣ.

ಯಾದಗಿರಿ ಚಿಗವ್ವ: 😂 ಇದೊಂದು ಮಾತು ಒಪ್ಪಿದೆ ಅಣ್ಣಾ.

ಎ.ಸಿ. ವಿಷಯದಲ್ಲಿ ನನಗೂ ಉತ್ತರ ಹೊಳೆಯಲಿಲ್ಲ.

ಬೆಂಗಳೂರು ತಮ್ಮ: ಸರಿ, ಹಾಗಾದರೆ ಹೇಗೆ ಕೇಳಬೇಕು?

ನಾನು: ಮೊದಲು, ಚಿಕಿತ್ಸೆ ಕೊಟ್ಟವರು ಕೇಳಬಾರದು. ಮನೆಗೆ ಹೋದ ಮೇಲೆ ಕೇಳಬೇಕು. ಆಸ್ಪತ್ರೆಗೆ ಹೋಗಿಬಂದವರ ಅಭಿಪ್ರಾಯ ಕೇಳುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಶುರು ಮಾಡಿದ್ದು ಹೀಗೇ, ಮೆಸೇಜ್, ಫೋನ್ ಮೂಲಕ. ಭಾಷೆಯೂ ಅವರದ್ದೇ ಇರಬೇಕು. ನಮ್ಮಲ್ಲಿ ಕನ್ನಡದವರಿಗಿಂತ ಉರ್ದುವಿನವರು ಜಾಸ್ತಿ ಬರುವ ದಿನಗಳಿವೆ. ಗುರುಮಠಕಲ್ ಕಡೆಯಿಂದ ತೆಲುಗಿನವರು. ನೋವಿಗೆ ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಹಳ್ಳಿಯ ಅಜ್ಜಂದಿರು ಸುಮ್ನೆ ನಗುತ್ತಾರೆ. ರೂಪಾಯಿಗೆ ಎಷ್ಟಾಣೆ ಕಡಿಮೆ ಆಗಿದೆ ಅಂತ ಕೇಳಿ, ‘ಹತ್ತಾಣೆ’ ಅಂತ ಥಟ್ಟನೆ ಹೇಳುತ್ತಾರೆ.

ನಾನು: ಎಲ್ಲಕ್ಕಿಂತ ದೊಡ್ಡದು, ಅರ್ಧಕ್ಕೆ ಬಿಟ್ಟವರು. ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸಿಗೆ ದುಡ್ಡು ಕೊಟ್ಟು ಬರುವವರು ಮೂರನೇ ಸಲಕ್ಕೆ ನಿಲ್ಲಿಸುತ್ತಾರೆ. ಅವರಿಗೆ ಫಾರ್ಮ್ ಯಾರು ಕೊಡುತ್ತಾರೆ? ಉಳಿದವರನ್ನು ಮಾತ್ರ ಕೇಳಿದರೆ ಐದೇ ಬರುವುದು.

ಬೀದರ್ ಮಾಮಾ: ಅವ್ವನ ಕಥೆ ಹೇಳು ಈಗ.

ನಾನು: ಆಯಿಗೆ ಶಾಖ ಕೊಟ್ಟರೆ, ಕರೆಂಟ್ ಇಟ್ಟರೆ ಖುಷಿ. ಕಾಲು ಮಡಚಿಸಿದವರಿಗೆ ಒಂದೇ ಸ್ಟಾರ್. ಆದರೆ ಮಡಚಲೇಬೇಕು. ಮೆಟ್ಟಿಲು ಹತ್ತುವುದಕ್ಕೆ ಸುಮಾರು 90 ಡಿಗ್ರಿ ಬೇಕು. ಆ ಸೆಂಟರಿನವರು ಮೊದಲ ದಿನ ಕೋನ ಅಳೆದು ಬರೆದುಕೊಳ್ಳುತ್ತಾರಾ ಕೇಳಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಆಗುತ್ತದೆ ಅಂತ ನೋಡುವ ಪರೀಕ್ಷೆ ಇದೆ. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅದನ್ನೂ ಮಾಡುತ್ತಾರಾ ಕೇಳಿ. ಜೊತೆಗೆ ಆಯಿಯ ಮಾತು ಕೇಳಿಸಿಕೊಳ್ಳುವ ತಾಳ್ಮೆ ಇದೆಯಾ ನೋಡಿ. ಎರಡೂ ಇದ್ದರೆ ನನ್ನದೇನೂ ತಕರಾರಿಲ್ಲ, ಕರೆದುಕೊಂಡು ಹೋಗಿ.

ಬೆಂಗಳೂರು ತಮ್ಮ: ಅಜ್ಜಿ ಮಾತು ಕೇಳಿಸಿಕೊಳ್ಳುವುದಕ್ಕೆ ಬೇರೆ ಫೀಸ್ ಹಾಕಬೇಕು ಅವರು.

ಬೀದರ್ ಮಾಮಾ: ಆಯಿತು, ನಾಳೆ ಫೋನ್ ಮಾಡಿ ಕೇಳುತ್ತೇನೆ. ಅರ್ಧಕ್ಕೆ ಬಿಟ್ಟು ಹೋದವರೆಷ್ಟು ಅಂತಲೂ ಕೇಳುತ್ತೇನೆ. ಅವರು ಸಿಟ್ಟಾದರೆ ನಿನ್ನ ನಂಬರ್ ಕೊಡುತ್ತೇನೆ.