ನೈಜೀರಿಯಾ, ರಷ್ಯಾದ ಮೇಲ್ ಪೂರ್ತಿ ಬ್ಲಾಕ್ ಮಾಡಿದರೆ ಸಾಕೇ?

ಪೇಟೆ_ಗುಮಾಸ್ತ (ಶಿರಸಿ)

ಕಾಳುಮೆಣಸು, ಏಲಕ್ಕಿ, ಅಡಿಕೆ ವ್ಯಾಪಾರದ ಆಫೀಸಿನ ಮೇಲ್ ಬಗ್ಗೆ ಕೇಳುತ್ತಿದ್ದೇನೆ. ಸ್ವಂತ ಡೊಮೇನ್ ಇದೆ, ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ. ಬರುವ ಕಸದಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಪಶ್ಚಿಮ ಆಫ್ರಿಕಾದ ಸರ್ಕಾರಿ ಟೆಂಡರ್‌ಗೆ 20 ಟನ್ ಮೆಣಸು ಬೇಕು ಅನ್ನುವುದು. ಇನ್ನೊಂದು, ಮೇಲ್‌ಬಾಕ್ಸ್ ತುಂಬಿದೆ, ಪಾಸ್‌ವರ್ಡ್ ಹಾಕಿ ಅನ್ನುವುದು. ಮೂರನೆಯದು, ಪ್ಯಾಕಿಂಗ್ ಯಂತ್ರ ಕೊಟ್ಟ ಕಂಪನಿಯ ಹೆಸರಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅನ್ನುವುದು.

ಮಾಲೀಕರ ಪ್ರಕಾರ ಕೆಲವು ದೇಶದವರ ರಕ್ತದಲ್ಲೇ ಮೋಸ ಇದೆ, ದೇಶ ನೋಡಿ ಬಂದ್ ಮಾಡಿಬಿಟ್ಟರೆ ಮುಗಿಯಿತು. ಮೇಲ್ ನಿಜಕ್ಕೂ ಯಾವ ದೇಶದಿಂದ ಬಂತೆಂದು ತಿಳಿಯುವುದು ಹೇಗೆ? ಈ ‘ದೇಶದ ಸ್ವಭಾವ’ದ ಮಾತಿನಲ್ಲಿ ಏನಾದರೂ ಹುರುಳಿದೆಯೇ?

ಕಾಳಿದಂಡೆ (ಕಾರವಾರ)

ಮೊದಲು ತಾಂತ್ರಿಕ ಭಾಗ. ಕಂಪ್ಯೂಟರಿನಲ್ಲಿ ಮೇಲ್ ತೆರೆದು ಬಲಗಡೆಯ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ‘ರಿಸೀವ್ಡ್’ ಎಂದು ಶುರುವಾಗುವ ಹಲವು ಸಾಲು ಕಾಣುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ತೀರಾ ಕೆಳಗಿರುವುದು ಮೊದಲ ಹೆಜ್ಜೆ. ಆದರೆ ಪೂರ್ತಿ ನಂಬಬಹುದಾದದ್ದು ಗೂಗಲ್ ತಾನೇ ಬರೆದ ಮೇಲಿನ ಸಾಲುಗಳು ಮಾತ್ರ. ಅದರ ಕೆಳಗಿನವನ್ನು ಕಳಿಸಿದವನು ತನಗೆ ಬೇಕಾದಂತೆ ಬರೆದಿರಬಹುದು. ‘ಫ್ರಮ್’ ಅಂತೂ ಲಕೋಟೆಯ ಹಿಂದೆ ಗೀಚಿದ ವಿಳಾಸ ಇದ್ದಹಾಗೆ, ಯಾರ ಹೆಸರನ್ನಾದರೂ ಬರೆಯಬಹುದು.

ಗೂಗಲ್‌ನ ಸಾಲಿನಲ್ಲಿರುವ ಐಪಿ ನಂಬರ್ (ಇಂಟರ್ನೆಟ್‌ನಲ್ಲಿ ಯಂತ್ರದ ವಿಳಾಸ) ಹುಡುಕಿದರೆ ಒಂದು ದೇಶ ಸಿಗುತ್ತದೆ. ಅದು ಸರ್ವರ್ ಇರುವ ದೇಶ. ಮನುಷ್ಯ ಎಲ್ಲಿ ಕೂತಿದ್ದಾನೆ ಎಂಬುದು ಅದರಿಂದ ತಿಳಿಯುವುದಿಲ್ಲ. ಮೋಸಗಾರ ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಬರೆದಿದ್ದರೆ ನಿಮಗೆ ಕಾಣುವುದು ಗೂಗಲ್‌ನ ಐಪಿ ಅಷ್ಟೇ. ಬಾಟ್‌ನೆಟ್ (ಕಳ್ಳರು ದೂರದಿಂದಲೇ ಆಡಿಸುವ ಕಂಪ್ಯೂಟರುಗಳ ಜಾಲ) ಮೂಲಕ ಬಂದಿದ್ದರೆ ವೈರಸ್ ಹೊಕ್ಕ ಯಾರದೋ ಮನೆಯ ಕಂಪ್ಯೂಟರ್ ಸಿಗುತ್ತದೆ, ಆ ಮನೆಯವರಿಗೆ ಸುದ್ದಿಯೇ ಇರುವುದಿಲ್ಲ. ವಿಳಾಸದ ಕೊನೆಯಲ್ಲಿ ನೈಜೀರಿಯಾ, ರಷ್ಯಾವನ್ನು ಸೂಚಿಸುವ ಅಕ್ಷರ ನೋಡಿ ಫಿಲ್ಟರ್ ಹಾಕಿದರೂ ಟೆಂಡರ್ ಮೇಲ್ ನಿಲ್ಲುವುದಿಲ್ಲ. ಅವು ಹೆಚ್ಚಾಗಿ ಉಚಿತ ಮೇಲ್ ಖಾತೆಗಳಿಂದಲೇ ಬರುತ್ತವೆ.

ಅದರ ಬದಲು ಅದೇ ಪುಟದ ಮೇಲ್ಭಾಗದಲ್ಲಿರುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಸಾಲು ನೋಡಿ. ಮೇಲ್ ನಿಜಕ್ಕೂ ಆ ಡೊಮೇನಿನ ಅನುಮತಿಯಿಂದ ಬಂತೇ ಎಂದು ನೋಡುವ ಮೂರು ಪರೀಕ್ಷೆಗಳಿವು. ‘ಫೇಲ್’ ಇದ್ದರೆ ಮುಟ್ಟಬೇಡಿ. ‘ಪಾಸ್’ ಇದ್ದರೂ ಬೀಗಬೇಡಿ: ಆ ಡೊಮೇನಿನವರೇ ಕಳಿಸಿದ್ದು ಎಂದಷ್ಟೇ ಅದರ ಅರ್ಥ, ಅವರು ಸಾಚಾ ಎಂದಲ್ಲ. ಕಂಪನಿಯ ಹೆಸರಿನ ‘ಎಂ’ ಇದ್ದಲ್ಲಿ ‘ಆರ್’, ‘ಎನ್’ ಒತ್ತಾಗಿ ಬರೆದು ಹೊಸ ಡೊಮೇನ್ ಕೊಂಡವನಿಗೂ ಮೂರೂ ಪಾಸ್ ಸಿಗುತ್ತದೆ. ‘ರಿಪ್ಲೈ-ಟು’ (ನಿಮ್ಮ ಉತ್ತರ ಹೋಗುವ ವಿಳಾಸ) ಬೇರೆಯಾಗಿದ್ದರೆ ಅನುಮಾನ ಪಡಿ.

ನಿಮ್ಮ ಡೊಮೇನನ್ನೂ ಭದ್ರ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಹೆಸರಲ್ಲಿ ಬೇರೆಯವರು ಕಳಿಸುತ್ತಾರೆ. ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನವರು ಬಂದು ಎರಡನೆಯದು ಸೇರಿಸಿದರೆ ಎರಡೂ ಅಮಾನ್ಯ. ಇದ್ದ ದಾಖಲೆಯೊಳಗೇ ಸೇರಿಸಬೇಕು, ಅದೂ ಅದನ್ನು ಪರೀಕ್ಷಿಸಲು ಬೇಕಾಗುವ ಡಿಎನ್‌ಎಸ್ (ಡೊಮೇನುಗಳ ವಿಳಾಸಪಟ್ಟಿ) ಹುಡುಕಾಟ 10 ಮೀರದಂತೆ. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್ ಕೀಲಿಯನ್ನು ವರ್ಕ್‌ಸ್ಪೇಸ್‌ನ ಅಡ್ಮಿನ್ ಕನ್ಸೋಲಿನಲ್ಲಿ 2048 ಬಿಟ್‌ಗೆ ಮಾಡಿ, ಡೊಮೇನ್ ಮಾರಿದವರ ಪುಟ ಅಷ್ಟುದ್ದದ ಸಾಲು ಒಪ್ಪದಿದ್ದರೆ 1024. ಕೀಲಿ ಹಾಕಿದ ಮೇಲೆ ‘ಸ್ಟಾರ್ಟ್ ಅಥೆಂಟಿಕೇಶನ್’ ಒತ್ತುವುದನ್ನು ಎಷ್ಟೋ ಜನ ಮರೆಯುತ್ತಾರೆ. ಪರೀಕ್ಷೆಯಲ್ಲಿ ಫೇಲಾದ ಮೇಲ್‌ಗೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಅನ್ನು ಮೊದಲು ‘ನನ್’ (ಏನೂ ಮಾಡಬೇಡ) ಇಟ್ಟು ಕೆಲವು ವಾರ ವರದಿ ನೋಡಿ, ನಂತರ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ಕೊನೆಗೆ ‘ರಿಜೆಕ್ಟ್’ (ತಿರಸ್ಕರಿಸು). ಒಮ್ಮೆಲೇ ರಿಜೆಕ್ಟ್‌ಗೆ ಹಾರಿದರೆ ನಿಮ್ಮದೇ ಬಿಲ್‌ಗಳು ಗ್ರಾಹಕರಿಗೆ ಮುಟ್ಟದೆ ಹೋಗುತ್ತವೆ.

ಬೇಡ್ತಿ_ನೆಟ್

ಎರಡನೇ ಪ್ರಶ್ನೆಗೆ. ಸ್ಪ್ಯಾಮ್ ಹುಟ್ಟಿದ್ದು ಅಮೆರಿಕದಲ್ಲಿ ಮಾರಾಯ್ರೆ. 1978ರ ಮೇ ತಿಂಗಳಲ್ಲಿ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುಯರ್ಕ್ ಹೊಸ ಕಂಪ್ಯೂಟರಿನ ಜಾಹೀರಾತನ್ನು ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಜನರಿಗೆ ಕಳಿಸಿದ್ದೇ ಮೊದಲನೆಯದು ಎನ್ನುತ್ತಾರೆ. 2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಕೋಲೋ ಎಂಬ ಒಂದೇ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಗೇ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅದಕ್ಕಾಗಿ ಅಮೆರಿಕನ್ನರ ರಕ್ತ ಪರೀಕ್ಷೆಯನ್ನು ಯಾರೂ ಮಾಡಲಿಲ್ಲ.

ಒಂದು ಸ್ಪ್ಯಾಮ್ ಮೇಲಿನ ಬಾಲ ಹಿಡಿದು ಹೋದರೆ ಎಷ್ಟು ದೇಶ ಸಿಗುತ್ತವೆ ನೋಡಿ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮೇಲ್‌ನಲ್ಲಿ ಬಂದ ಜಾಹೀರಾತಿನ ಮಾತ್ರೆಗಳನ್ನು ತಾವೇ ದುಡ್ಡು ಕೊಟ್ಟು ತರಿಸಿ ಹಾದಿ ಹುಡುಕಿದರು. ಒಂದು ಖರೀದಿಯಲ್ಲಿ ಡೊಮೇನ್ ನೋಂದಣಿ ರಷ್ಯಾದ್ದು, ಸರ್ವರುಗಳು ಚೀನಾ ಮತ್ತು ಬ್ರೆಜಿಲ್‌ನವು, ದುಡ್ಡು ಹೋದದ್ದು ಅಜರ್‌ಬೈಜಾನಿನ ಬ್ಯಾಂಕಿಗೆ, ಮಾತ್ರೆ ಬಂದದ್ದು ನಮ್ಮ ಚೆನ್ನೈಯಿಂದ. ಮಾತ್ರೆ, ನಕಲಿ ಬ್ರ್ಯಾಂಡ್, ಸಾಫ್ಟ್‌ವೇರ್ ಮಾರುವ ಇಂಥ ಸ್ಪ್ಯಾಮಿನ ಶೇ 95ರಷ್ಟು ಹಣ ಬೆರಳೆಣಿಕೆಯ ಬ್ಯಾಂಕುಗಳ ಮೂಲಕವೇ ಹೋಗುತ್ತಿತ್ತು ಎಂಬುದು ಅವರು ಕಂಡುಕೊಂಡದ್ದು. ಬಿಗಿಹಿಡಿಯಬೇಕಾದ ಜಾಗ ಅದೇ.

ಇನ್ನು, ಮುಂಗಡ ಹಣ ಕೀಳುವ ಇಂಥ ಮೇಲ್ ಮೋಸಕ್ಕೆ ಜನ ಇಟ್ಟ ಹೆಸರು ‘419’. ಅದು ನೈಜೀರಿಯಾದ ದಂಡಸಂಹಿತೆಯಲ್ಲಿ ವಂಚನೆಯನ್ನು ಅಪರಾಧ ಎನ್ನುವ ಕಲಮಿನ ಸಂಖ್ಯೆ. ಅಂದರೆ ಹೆಸರು ಬಂದದ್ದೇ ಆ ದೇಶದ ಕಾನೂನು ಅದನ್ನು ಶಿಕ್ಷಿಸುವುದರಿಂದ. 2003ರಿಂದ ಅಲ್ಲಿ ಇಂಥ ಆರ್ಥಿಕ ಅಪರಾಧಗಳಿಗೆಂದೇ ಇಎಫ್‌ಸಿಸಿ ಎಂಬ ತನಿಖಾ ಸಂಸ್ಥೆಯೂ ಇದೆ. ತಂತ್ರವಂತೂ ಅವರದಲ್ಲ. ‘ಸ್ಪೇನಿನ ಸೆರೆಮನೆಯಲ್ಲಿ ಶ್ರೀಮಂತನೊಬ್ಬನಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕೊಡಿ, ಆಸ್ತಿಯಲ್ಲಿ ಪಾಲು ಕೊಡುತ್ತೇವೆ’ ಎಂಬ ಪತ್ರಗಳು 19ನೇ ಶತಮಾನದಲ್ಲೇ ಯುರೋಪು, ಅಮೆರಿಕದಲ್ಲಿ ಓಡಾಡುತ್ತಿದ್ದವು.

ಹಾಗಿದ್ದರೂ ಮೋಸಗಾರರೇ ಯಾಕೆ ನೈಜೀರಿಯಾದ ಹೆಸರು ಹೇಳಿಕೊಳ್ಳುತ್ತಾರೆ? ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಲಕ್ಷಾಂತರ ಮೇಲ್ ಕಳಿಸುವುದು ಅಗ್ಗ, ಆದರೆ ಉತ್ತರ ಕೊಟ್ಟ ಒಬ್ಬೊಬ್ಬನ ಜೊತೆ ವಾರಗಟ್ಟಲೆ ಮಾತಾಡುವುದು ದುಬಾರಿ. ಕತೆ ಹಾಸ್ಯಾಸ್ಪದವಾಗಿದ್ದಷ್ಟೂ ಅನುಮಾನದವರು ಮೊದಲೇ ಬಿಟ್ಟುಹೋಗುತ್ತಾರೆ, ಪೂರ್ತಿ ನಂಬುವವರು ಮಾತ್ರ ಉಳಿಯುತ್ತಾರೆ. ನಾವು ನಗುವ ಆ ಹರಕು ಇಂಗ್ಲಿಷೂ ಅದೇ ಕೆಲಸ ಮಾಡುತ್ತದೆ.

ಶರಾವತಿ_ಅಳಿವೆ (ಹೊನ್ನಾವರ)

ಬೇಡ್ತಿಯವರ ಮಾತಿಗೆ ಮುಕ್ಕಾಲು ಪಾಲು ಒಪ್ಪಿಗೆ. ಆದರೆ ಸಮಾಜದ ಧೋರಣೆಗೆ ಪಾತ್ರವೇ ಇಲ್ಲ ಅಂದರೆ ಅದೂ ಸರಿಯಲ್ಲ. ಧೋರಣೆ ಕಾಣಿಸುವುದು ಕಾನೂನಿನಲ್ಲಿ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯ ಪ್ರಕಾರ ಕೇಳದೆಯೂ ಜಾಹೀರಾತು ಮೇಲ್ ಕಳಿಸಬಹುದು, ಬೇಡ ಅಂದಮೇಲೆ ನಿಲ್ಲಿಸಬೇಕು. ಯುರೋಪಿನ 2002ರ ನಿರ್ದೇಶನ ಹೇಳುವುದು ಮೊದಲು ಒಪ್ಪಿಗೆ ಪಡೆ ಎಂದು. ನಮ್ಮಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮ ಇರುವುದು ಕರೆ, ಎಸ್‌ಎಂಎಸ್‌ಗೆ. ಅವುಗಳ ದೂರಿನ ನಂಬರ್ 1909ಕ್ಕೆ ಮೇಲ್ ಬಗ್ಗೆ ದೂರಿ ಪ್ರಯೋಜನವಿಲ್ಲ. ಮೂಲ ಮರೆಮಾಚಿದ ಮೇಲ್‌ನ ಮಾತು ಐಟಿ ಕಾಯ್ದೆಯ 66ಎ ಕಲಮಿನಲ್ಲಿತ್ತು, 2015ರಲ್ಲಿ ಸುಪ್ರೀಂ ಕೋರ್ಟ್ ಇಡೀ ಕಲಮನ್ನೇ ರದ್ದು ಮಾಡಿತು. ಬೇರೆಯವರ ಸೋಗಿನಲ್ಲಿ ವಂಚಿಸಿದರೆ 66ಡಿ ಇದೆ, 3 ವರ್ಷದವರೆಗೆ ಜೈಲು.

ಇನ್ನೊಂದು ಧೋರಣೆ ‘ನಮ್ಮವರಿಗೆ ಮಾಡದಿದ್ದರೆ ಸೈ’ ಎಂಬುದು. 2021ರಲ್ಲಿ ಅಮೆರಿಕದ ತೈಲ ಕೊಳವೆ ಕಂಪನಿಯನ್ನು ನಿಲ್ಲಿಸಿದ ಡಾರ್ಕ್‌ಸೈಡ್ ಎಂಬ ಸುಲಿಗೆಯ ಸಾಫ್ಟ್‌ವೇರ್, ಕಂಪ್ಯೂಟರಿನ ಭಾಷೆ ರಷ್ಯನ್ ಇದ್ದರೆ ತಾನಾಗಿಯೇ ಸುಮ್ಮನಾಗುತ್ತಿತ್ತು. ಊರಿನ ಪೊಲೀಸರ ತಂಟೆ ಬೇಡ ಎಂಬ ಲೆಕ್ಕ ಅದು. ನಾವೇನು ಕಡಿಮೆ? 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದಾಗ ಸಿಕ್ಕವರು ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಲ್ಲಿನವರನ್ನು ಹೆದರಿಸುತ್ತಿದ್ದ ನಮ್ಮ ಹುಡುಗರು. ಅಲ್ಲಿಯ ಮುದುಕರ ಬಾಯಲ್ಲಿ ‘ಇಂಡಿಯನ್ ಸ್ಕ್ಯಾಮ್’ ಅನ್ನುವುದು ಈಗ ಮಾಮೂಲು. ನಿಮ್ಮ ಮಾಲೀಕರಿಗೆ ಇದನ್ನು ಓದಿ ಹೇಳಿ.

ಕರಾವಳಿಯವರಿಗೆ ಇದಕ್ಕಿಂತ ಮುಖ್ಯವಾದದ್ದೊಂದಿದೆ. ಥಾಯ್ಲೆಂಡ್, ಕಾಂಬೋಡಿಯಾದಲ್ಲಿ ‘ಡೇಟಾ ಎಂಟ್ರಿ’ ಕೆಲಸ, ಟಿಕೆಟ್ ನಮ್ಮದೇ ಎಂಬ ಮೇಲ್‌ಗಳು ಭಟ್ಕಳ, ಕುಮಟಾ ಕಡೆಯ ಕೆಲಸ ಹುಡುಕುವ ಹುಡುಗರಿಗೂ ಬರುವಂಥವೇ. ಹೋದವರ ಪಾಸ್‌ಪೋರ್ಟ್ ಕಿತ್ತುಕೊಂಡು, ಕಾವಲಿನ ಕಟ್ಟಡದಲ್ಲಿ ಕೂರಿಸಿ ಬೇರೆಯವರನ್ನು ವಂಚಿಸುವ ಕೆಲಸ ಮಾಡಿಸುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಕೊಟ್ಟ ಅಂದಾಜು: ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು. ಹೀಗೆ ಸಿಕ್ಕಿಬಿದ್ದವನು ಬರೆದ ಮೋಸದ ಮೇಲ್‌ನ ‘ದೇಶ’ ಯಾವುದು ಹೇಳಿ? ಏಜೆಂಟರ ಹೆಸರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ನೋಂದಾಯಿತರ ಪಟ್ಟಿಯಲ್ಲಿ ನೋಡಿ, ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆದರೆ ಅಲ್ಲಿಗೇ ಬಿಟ್ಟುಬಿಡಿ.

ಪೇಟೆ_ಗುಮಾಸ್ತ (ಶಿರಸಿ)

ಉಪಕಾರ ಆಯ್ತು. ಟೆಂಡರ್ ಮೇಲ್‌ಗಳಲ್ಲಿ ಒಂದೋ ಎರಡೋ ನಿಜದ್ದೂ ಇರಬಹುದಲ್ಲ, ಎಲ್ಲವನ್ನೂ ಎಸೆಯುವುದಕ್ಕೆ ಮನಸ್ಸಾಗುವುದಿಲ್ಲ. ಖಾತೆ ಬದಲಾವಣೆಯ ಮೇಲ್‌ಗೆ ಏನು ಮಾಡುವುದು?

ಕಾಳಿದಂಡೆ (ಕಾರವಾರ)

ಟೆಂಡರ್‌ಗೆ ಪರೀಕ್ಷೆ ಸುಲಭ. ನೀವು ಮಾರುವವರು, ಹಣ ನಿಮ್ಮ ಕಡೆ ಬರಬೇಕು. ಗುತ್ತಿಗೆ ನೋಂದಣಿ, ನೋಟರಿ, ವಕೀಲರ ಶುಲ್ಕ ಎಂದು ನಿಮ್ಮಿಂದ ಮೊದಲು ಕೇಳಿದರೆ ಮೋಸ. ಸ್ಯಾಂಪಲ್ ಕೇಳದೆ, ತೇವಾಂಶ, ಲೀಟರ್ ತೂಕ ವಿಚಾರಿಸದೆ ಹೇಳಿದ ದರಕ್ಕೆ 20 ಟನ್ ಮೆಣಸು ಒಪ್ಪುವ ಖರೀದಿದಾರ ಜಗತ್ತಿನಲ್ಲಿಲ್ಲ. ನಿಜವಿರಬಹುದು ಅನ್ನಿಸಿದರೆ ಆ ದೇಶವನ್ನು ನೋಡಿಕೊಳ್ಳುವ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಕಂಪನಿಯ ಹೆಸರು, ನೋಂದಣಿ ಸಂಖ್ಯೆ ಕಳಿಸಿ ವಿಚಾರಿಸಿ. ವ್ಯವಹಾರ ಮಾಡುವುದಾದರೆ ನಿಮ್ಮ ಬ್ಯಾಂಕ್ ಖಚಿತಪಡಿಸಿದ ಎಲ್‌ಸಿ (ಖರೀದಿದಾರನ ಬ್ಯಾಂಕ್ ಕೊಡುವ ಪಾವತಿಯ ಖಾತರಿ ಪತ್ರ) ಮೇಲೆಯೇ.

ಖಾತೆ ಬದಲಾವಣೆ ಹೆಚ್ಚು ಅಪಾಯದ್ದು, ಯಾಕಂದರೆ ಎಷ್ಟೋ ಸಲ ಎರಡರಲ್ಲೊಂದು ಕಡೆಯ ಮೇಲ್‌ಬಾಕ್ಸ್ ಒಳಗೆ ಕಳ್ಳ ಮೊದಲೇ ಕೂತಿರುತ್ತಾನೆ. ಬಿಲ್ಲಿನ ಮೊತ್ತ, ತಾರೀಖು ಎಲ್ಲ ಸರಿಯಾಗಿಯೇ ಇರುತ್ತದೆ. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ, ಹಳೆಯ ಬಿಲ್ಲಿನ ನಂಬರಿಗೆ ಮಾಡಿ ಖಾತೆಯ ಕೊನೆಯ ನಾಲ್ಕು ಅಂಕಿ ಅವರ ಬಾಯಿಂದಲೇ ಹೇಳಿಸಿ. ನಿಮ್ಮ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ಮತ್ತು ‘ಫಿಲ್ಟರ್ಸ್’ ಎರಡನ್ನೂ ತೆರೆದು ನೋಡಿ. ‘ಇನ್‌ವಾಯ್ಸ್’ ಪದವಿರುವ ಮೇಲ್ ಬೇರೆ ವಿಳಾಸಕ್ಕೆ ಹೋಗುವಂತೆಯೋ ನೇರ ಟ್ರ್ಯಾಶ್‌ಗೆ ಬೀಳುವಂತೆಯೋ ಫಿಲ್ಟರ್ ಇದ್ದರೆ, ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ, ಕೈಯಾರೆ ಅಳಿಸಬೇಕು.

ಬೇಡ್ತಿ_ನೆಟ್

ಹಣ ಹೋಗಿಯೇ ಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ), ಮೊತ್ತ, ಸಮಯ ಕೈಯಲ್ಲಿಟ್ಟುಕೊಂಡು ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ವಿದೇಶಕ್ಕೆ ಹೋಗಿದ್ದರೆ ಜೊತೆಗೇ ಬ್ಯಾಂಕಿಗೆ ಸ್ವಿಫ್ಟ್ ರೀಕಾಲ್ (ಕಳಿಸಿದ ಹಣವನ್ನು ಹಿಂದಕ್ಕೆ ಕರೆಸುವ ಕೋರಿಕೆ) ಕೇಳಿ ಪತ್ರ ಕೊಡಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ. ‘ಜನ ಏನಂದಾರು’ ಎಂದು ಎರಡು ದಿನ ಬಾಯಿ ಮುಚ್ಚಿ ಕೂರುವುದೇ ನಮ್ಮ ಕಡೆಯ ದೊಡ್ಡ ಧೋರಣೆ, ಕಳ್ಳನಿಗೆ ಬೇಕಾದ ಸಮಯವೂ ಅಷ್ಟೇ.

ಆ ಮೇಲನ್ನು ಅಳಿಸಬೇಡಿ. ಪೊಲೀಸರಿಗೆ ಸ್ಕ್ರೀನ್‌ಶಾಟ್ ಸಾಲದು, ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ (‘ರಿಸೀವ್ಡ್’ ಮುಂತಾದ ಸಾಲುಗಳು) ಉಳಿಯುವುದಿಲ್ಲ. ‘ಶೋ ಒರಿಜಿನಲ್’ ಪುಟದಲ್ಲೇ ‘ಡೌನ್‌ಲೋಡ್ ಒರಿಜಿನಲ್’ ಇದೆ, ಆ ಇಎಂಎಲ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡಿ.